ಗಿರಣಿಯತ್ತ ತಿರುಗಿದ ಆಂಟೆನಾ

ಮಂಟೇಸ್ವಾಮಿಯವರು ನಮ್ಮ ಮರಡಿಕೊಪ್ಪಲಿಗೆ ಮೊದಲು ಬಂದದ್ದು 2002ರಲ್ಲಿ, ಶಿವರಾತ್ರಿ ಕಳೆದ ವಾರ. ಬನ್ನೂರಿನಿಂದ ಒಂದು ಜೀಪು ಬಂದು ಹಾಲಿನ ಡೈರಿಯ ಮುಂದೆ ನಿಂತಿತು. ಅದರೊಳಗೆ ಒಂದು ಕಬ್ಬಿಣದ ಕಂಬ, ಒಂದು ಬ್ಯಾಟರಿ, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಫೋನಿನ ಸೆಟ್ಟು, ಒಂದು ಸಲಾಕೆಗೆ ಸಾಲಾಗಿ ಅಡ್ಡಕಡ್ಡಿ ಜೋಡಿಸಿದ ಆಂಟೆನಾ ಇದ್ದವು. ತಂತಿ ಎಳೆಯದೆ ಗಾಳಿಯಲ್ಲೇ ಮಾತು ತರುವ ಫೋನು. ನಮ್ಮ ಊರಿಗೆ ಅದೇ ಮೊದಲನೆಯದು.

ಡೈರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ಹಗಲೆಲ್ಲ ಬಾಗಿಲು ತೆಗೆದಿರುವ ಜಾಗ ಎಂದು ಫೋನನ್ನು ಅಲ್ಲೇ ಇಟ್ಟು ನೋಡಿಕೊಳ್ಳಲು ನನಗೆ ಹೇಳಿದರು. ಡೈರಿಯ ಅಧ್ಯಕ್ಷರಾದ ಗುರುಮಲ್ಲಪ್ಪನವರು ಹೊಸಬರು ಯಾರು ಬಂದರೂ ಕೇಳುವುದನ್ನೇ ಮಂಟೇಸ್ವಾಮಿಯವರನ್ನೂ ಕೇಳಿದರು.

"ಯಾವೂರಪ್ಪ ನಿಂದು?"

"ನಂಜನಗೂಡ್ ತಾಲ್ಲೂಕು, ಬದನವಾಳು ಯಜಮಾನ್ರೇ."

"ಯಾರ ಪೈಕಿ?"

"ಟೆಲಿಫೋನ್ ಪೈಕಿ," ಎಂದು ಹೇಳಿ ಮಂಟೇಸ್ವಾಮಿಯವರು ಕಂಬ ಹೆಗಲಿಗೇರಿಸಿಕೊಂಡು ಏಣಿ ಹತ್ತಿಬಿಟ್ಟರು.

ಹಾಲು ತಂದಿದ್ದ ಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇನ್ನೇನ್ ಕೇಳೀಯಣ್ಣ? ಸರ್ಕಾರದ ಸಂಬಂಧ ಅಂತೆ, ಎಣ್ಣು ಕೊಡ್ತೀಯಾ?" ಗುರುಮಲ್ಲಪ್ಪನವರಿಗೆ ನಗು ಬರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.

ಆ ದಿನ ಮತ್ತು ಆಮೇಲಿನ ದಿನಗಳಲ್ಲಿ ಮಂಟೇಸ್ವಾಮಿಯವರು ಸ್ವಲ್ಪಸ್ವಲ್ಪವಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತೇನೆ. ಅವರ ತಂದೆ ಮಾರಯ್ಯನವರು ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ನೂಲು ಕಡಿಯುವ ಮೊದಲು ಚರಕದ ಸದ್ದು ಬದಲಾಗುತ್ತದೆ, ಅದನ್ನು ಕೇಳಿಸಿಕೊಂಡರೆ ಕೈ ಸಡಿಲ ಬಿಟ್ಟು ನೂಲು ಉಳಿಸಬಹುದು ಎಂದು ಮಗನಿಗೆ ಹೇಳಿಕೊಟ್ಟಿದ್ದರಂತೆ. ಮಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ನಂಜನಗೂಡಿನಲ್ಲಿ ಟೆಲಿಫೋನಿನವರಿಗೆ ದಿನಗೂಲಿಗೆ ಗುಂಡಿ ತೋಡಲು ಸೇರಿದರು. ಗುಂಡಿಯಿಂದ ಕಂಬಕ್ಕೆ ಹತ್ತಿದರು. ಕಂಬ ಹತ್ತುವುದು ಬಂದ ಮೇಲೆ ಭಾನುವಾರಗಳಲ್ಲಿ ಸುತ್ತಿನ ಊರುಗಳಿಗೆ ಹೋಗಿ ಟಿ.ವಿ. ಆಂಟೆನಾ ಕಟ್ಟಿಕೊಡುತ್ತಿದ್ದರು.

1994ರಲ್ಲಿ ಕಳಲೆಯ ಒಂದು ಮನೆಯಲ್ಲಿ ಟಿ.ವಿ.ಯ ಚಿತ್ರ ಜೋಡಿಯಾಗಿ ಕಾಣುತ್ತಿತ್ತು. ಒಬ್ಬ ಮನುಷ್ಯ ನಿಂತರೆ ಪಕ್ಕದಲ್ಲಿ ಅವನದೇ ಮಸುಕು ನೆರಳು. ಮನೆಯವರು ಆಂಟೆನಾವನ್ನು ಟಿ.ವಿ. ಟವರಿದ್ದ ಮೈಸೂರಿನ ಕಡೆಗೇ ಸರಿಯಾಗಿ ಇಟ್ಟಿದ್ದರು. ಮಂಟೇಸ್ವಾಮಿಯವರು ಮಧ್ಯಾಹ್ನವೆಲ್ಲ ಅದನ್ನು ಸುತ್ತಿಸಿ ನೋಡಿದರು. ಊರಿನ ನೀರಿನ ಟ್ಯಾಂಕಿನ ಕಡೆಗೆ ತಿರುಗಿಸಿದಾಗ ನೆರಳು ಗಟ್ಟಿಯಾಗಿ, ಮನುಷ್ಯ ಮಸುಕಾದನಂತೆ.

"ಆವತ್ತು ಗೊತ್ತಾಯ್ತು ಕನಕ್ಕ," ಎಂದಿದ್ದರು. ನನ್ನನ್ನು ಅವರು ಅಕ್ಕ ಎಂದೇ ಕರೆಯುತ್ತಿದ್ದರು. "ಒಂದೇ ಚಿತ್ರ ಎರಡು ದಾರೀಲಿ ಬತ್ತಾ ಅದ. ಒಂದು ನೇರವಾಗಿ. ಇನ್ನೊಂದು ಟ್ಯಾಂಕಿಗ ಬಡ್ದು, ಸುತ್ಕಂಡು, ಒಸಿ ತಡವಾಗಿ."

ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ಫೋನಿನ ಟವರು ಬನ್ನೂರಿನಲ್ಲಿತ್ತು. ಡೈರಿಯ ತಾರಸಿಯ ಮೇಲೆ ನಿಂತರೆ ಅದರ ತುದಿ ಕಾಣುತ್ತಿತ್ತು. ಮಂಟೇಸ್ವಾಮಿಯವರು ಆಂಟೆನಾವನ್ನು ಅತ್ತ ಮುಖಮಾಡಿ ಬಿಗಿದು ಕೆಳಗಿಳಿದರು. ಸೆಟ್ಟಿನ ಮುಖದಲ್ಲಿ, ಟವರಿನ ಮಾತು ಎಷ್ಟು ಸಿಗುತ್ತಿದೆ ಎಂದು ತೋರಿಸುವ ಐದು ಸಣ್ಣ ಕಡ್ಡಿಗಳು ಮೂಡುವ ಜಾಗವಿತ್ತು. ಐದೂ ಮೂಡಿದವು. ಆ ಬೇಸಿಗೆಯೆಲ್ಲ ಫೋನು ಎದುರುಮನೆಯವರ ಮಾತಿನಷ್ಟು ಚೆನ್ನಾಗಿ ಕೇಳುತ್ತಿತ್ತು. ದನದ ಡಾಕ್ಟರನ್ನು ಕರೆಯುವುದಕ್ಕೆ, ಹಾಲಿನ ವ್ಯಾನು ಎಲ್ಲಿದೆ ಎಂದು ಕೇಳುವುದಕ್ಕೆ, ಬಸುರಿಯರಿಗೆ ಬನ್ನೂರಿನಿಂದ ಆಟೋ ಕರೆಸುವುದಕ್ಕೆ ಜನ ಡೈರಿಗೆ ಬರುತ್ತಿದ್ದರು.

ಶ್ರಾವಣ ಬಂತು. ಮಾತು ತುಂಡಾಗತೊಡಗಿತು. ಐದು ಕಡ್ಡಿ ಎರಡಾಯಿತು, ಒಂದಾಯಿತು, ಒಮ್ಮೊಮ್ಮೆ ಒಂದೂ ಇರುತ್ತಿರಲಿಲ್ಲ. ದೂರು ಕೊಟ್ಟೆವು. ಸೆಟ್ಟು ಕೆಟ್ಟಿದೆ ಎಂದು ಹೊಸದನ್ನು ಕೊಟ್ಟರು. ಅದೂ ಹಾಗೆಯೇ. ಪುಷ್ಯಮಾಸದ ಕೊನೆಗೆ ಮೂರನೆಯ ಸೆಟ್ಟು ಬಂತು. ಇಟ್ಟ ಹತ್ತು ದಿನಕ್ಕೆ ಐದೂ ಕಡ್ಡಿ ಮೂಡಿದವು. ಇದು ಒಳ್ಳೆಯ ಸೆಟ್ಟು ಎಂದು ಊರೆಲ್ಲ ಮಾತಾಡಿಕೊಂಡಿತು. ಗುರುಮಲ್ಲಪ್ಪನವರು ಅದಕ್ಕೊಂದು ತೆಂಗಿನಕಾಯಿ ಒಡೆಸಿದರು. ಆ ಹತ್ತು ದಿನದಲ್ಲಿ ಊರಿನ ಮುಂದಿನ ಕಬ್ಬು ಕಡಿದು ಗಾಡಿಗೇರಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ. ಕಬ್ಬಿನ ಊರಿನಲ್ಲೇ ಹುಟ್ಟಿ ಬೆಳೆದವರಿಗೆ ಕಬ್ಬು ಕಣ್ಣಿಗೆ ಬೀಳುವುದಿಲ್ಲ.

ಮರುವರ್ಷ ಶ್ರಾವಣಕ್ಕೆ ಆ ಒಳ್ಳೆಯ ಸೆಟ್ಟೂ ಮೂಕಾಯಿತು. ಆ ತಿಂಗಳಲ್ಲೇ ಮಾದಮ್ಮನ ಹಸು ಕರು ಹಾಕಿ, ಮೈ ತಣ್ಣಗಾಗಿ ಮಲಗಿಬಿಟ್ಟಿತು. ಅರ್ಧ ಗಂಟೆ ನಾನು ಫೋನನ್ನು ಒತ್ತಿದೆ. ಕೊನೆಗೆ ಅವಳ ಗಂಡ ಸೈಕಲ್ ತುಳಿದುಕೊಂಡು ಬನ್ನೂರಿಗೆ ಹೋದ. ಡಾಕ್ಟರು ಬರುವಷ್ಟರಲ್ಲಿ ಹಸು ಉಳಿದಿರಲಿಲ್ಲ. ಮಾದಮ್ಮ ಡೈರಿಗೆ ಬಂದಳು. ಫೋನಿನ ಕಡೆ ನೋಡಿ, "ಇದ್ಯಾಕೆ ಬಂತೋ ನಮ್ಮೂರ್ಗೆ" ಎಂದು ಹೊರಟುಹೋದಳು.

ಭಾದ್ರಪದದಲ್ಲಿ ಟೆಲಿಫೋನ್ ಕಚೇರಿಯಿಂದ ಕಾಗದ ಬಂತು. ಮಾತು ಸರಿಯಾಗಿ ಸಿಗದ ಊರಿನ ಸೆಟ್ಟನ್ನು ಬೇರೆ ಊರಿಗೆ ಕೊಡುತ್ತಾರಂತೆ. ವಿಜಯದಶಮಿಯ ಮಾರನೆಯ ದಿನ ಎಂಜಿನಿಯರ್ ಚಂದ್ರಶೇಖರ್ ಅವರೇ ಬಂದು ಹತ್ತು ಕರೆ ಮಾಡಿ ನೋಡುತ್ತಾರೆ. ಏಳು ಕರೆಯಾದರೂ ಸೇರಿದರೆ ಫೋನು ಇಲ್ಲೇ, ಇಲ್ಲದಿದ್ದರೆ ಅದೇ ಜೀಪಿನಲ್ಲಿ ವಾಪಸ್ಸು. ಕಾಗದ ತಂದವರು ಮಂಟೇಸ್ವಾಮಿಯವರೇ. ಕೊಟ್ಟು ಹೋಗಲಿಲ್ಲ. ಹಾಲಿನ ಕ್ಯಾನಿನ ಪಕ್ಕ ಕಲ್ಲಿನ ಮೇಲೆ ಕೂತರು.

"ಅಕ್ಕ, ಮೊದ್ಲಿಂದ ಏಳಿ. ಯಾವ ತಿಂಗ್ಳು ಏನಾಯ್ತು, ಎಲ್ಲಾನೂವ."

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತ ನನಗೆ ಇನ್ನೊಂದು ನೆನಪಾಯಿತು. ಬೇಸಿಗೆಯಲ್ಲಿ ಕರೆಂಟು ಹೋದರೆ ಸೆಟ್ಟಿನ ಬ್ಯಾಟರಿ ಸಂಜೆಯ ತನಕ ಬರುತ್ತಿತ್ತು. ಶ್ರಾವಣದ ಮೇಲೆ ಎರಡು ಗಂಟೆಗೇ ಮುಗಿದುಹೋಗುತ್ತಿತ್ತು. ಮಾತಾಡುವುದು ಕಡಿಮೆಯಾದ ಮೇಲೆ ಬ್ಯಾಟರಿ ಜಾಸ್ತಿ ಹೇಗೆ ಖರ್ಚಾಗುತ್ತದೆ ಎಂದು ನನಗೆ ಅರ್ಥವಾಗಿರಲಿಲ್ಲ.

ಮಂಟೇಸ್ವಾಮಿಯವರು ತಟ್ಟನೆ ತಲೆಯೆತ್ತಿದರು. "ಇದ ಯಾಕಕ್ಕ ಮೊದ್ಲೇ ಏಳ್ನಿಲ್ಲ?"

"ಯಾರೂ ಕೇಳಲಿಲ್ಲವಲ್ಲಪ್ಪ."

ಮಾರನೆಯ ದಿನ ಅವರು ಎಂಜಿನಿಯರನ್ನು ಕೇಳಿ ತಿಳಿದುಕೊಂಡು ಬಂದರು. ಸೆಟ್ಟಿನ ಮಾತು ಟವರಿಗೆ ಸರಿಯಾಗಿ ಕೇಳದಿದ್ದರೆ ಟವರು "ಇನ್ನೂ ಜೋರಾಗಿ" ಎನ್ನುತ್ತದಂತೆ. ಸೆಟ್ಟು ತಾನಾಗಿಯೇ ದನಿ ಏರಿಸುತ್ತದೆ, ಬ್ಯಾಟರಿ ತಿನ್ನುತ್ತದೆ. ಚೆನ್ನಾಗಿ ಕೇಳಿದರೆ "ಸಾಕು, ತಗ್ಗಿಸು" ಎನ್ನುತ್ತದೆ. ಒಂದು ಮಾತಿನ ನಡುವೆಯೂ ಹೀಗೆ ಎಷ್ಟೋ ಸಲ ಏರಿಸಿ ಇಳಿಸಿ ಮಾಡಿಕೊಳ್ಳುತ್ತವಂತೆ, ನಮಗೆ ಗೊತ್ತೇ ಆಗದ ಹಾಗೆ.

"ಸೆಟ್ಟು ಕೆಟ್ಟಿಲ್ಲ ಕನಕ್ಕ. ಪಾಪ, ಅರಚ್ಕತಾ ಕೂತದ," ಎಂದು ಮಂಟೇಸ್ವಾಮಿಯವರು ಬನ್ನೂರಿನ ದಿಕ್ಕಿಗಿದ್ದ ಎತ್ತರದ ಹೊಲದ ಕಡೆ ಕೈ ತೋರಿಸಿದರು. "ನೋಡಿ. ನಾನು ಶಿವರಾತ್ರಿಗ ಬಂದಾಗ ಅಲ್ಲಿ ಬರೀ ಕಡ್ದ ಕೂಳೆ ಇತ್ತು. ಈಗ ಎರಡಾಳು ಕಬ್ಬು. ಅದರ ಮೈಯೆಲ್ಲ ನೀರು. ನಮ್ಮ ಮಾತೆಲ್ಲಾನೂ ಅದೇ ಕುಡ್ಕತಾ ಅದ."

ಗುರುಮಲ್ಲಪ್ಪನವರು ಹೇಳಿದರು: "ಅಂಗಾದ್ರೆ ಕಂಬಾನ ಇನ್ನೂ ಎರಡಾಳು ಎತ್ತರ ಮಾಡಪ್ಪ."

"ಈ ತಾರಸಿ ತಡ್ಕಳಲ್ಲ ಯಜಮಾನ್ರೇ. ಗಾಳಿ ಬಂದ್ರ ಕಂಬದ ಜೊತ್ಗ ತಾರಸಿನೂ ಕಿತ್ಕಂಡು ಓಯ್ತದ."

"ಅಂಗಂತ ಕಬ್ಬು ಕಡ್ಸಕ್ಕಾಯ್ತದೇನಯ್ಯ?"

"ಕಬ್ಬು ಅದರ ಪಾಡಿಗ ಬೆಳೀಲಿ. ಸೆಟ್ಟಿಗ ದನಿ ಏರ್ಸಕ್ಕ ಗೊತ್ತದ, ಕತ್ತು ತಿರುಗ್ಸಕ್ಕ ಗೊತ್ತಿಲ್ಲ. ಅದ ನಾವು ಮಾಡ್ಬೇಕು."

ಆಮೇಲಿನ ಮೂರು ಭಾನುವಾರ ಅವರು ನಮ್ಮ ತಾರಸಿಯ ಮೇಲಿದ್ದರು. ನಾನು ಕೆಳಗೆ ಸೆಟ್ಟಿನ ಮುಂದೆ. ಅವರು ಆಂಟೆನಾವನ್ನು ಒಂದು ಗೇಣು ಸರಿಸುವರು, "ಈಗ?" ಎನ್ನುವರು. ನಾನು ಕಡ್ಡಿ ಎಣಿಸಿ ಹೇಳುವೆ. ಒಂದು. ಇಲ್ಲ. ಒಂದು. ಮತ್ತೆ ಇಲ್ಲ. ಆಂಟೆನಾದ ಅಡ್ಡಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ ನೋಡಿದರು. ಆಂಟೆನಾವನ್ನು ಒಂದು ಮೊಳ ಕೆಳಗಿಳಿಸಿ ನೋಡಿದರು.

ಮಾದಮ್ಮ ಹಾಲು ಹಾಕಿ ಹೋಗುವಾಗ ಮೇಲೆ ನೋಡಿ ಕೂಗಿದಳು: "ಏನ್ಲಾ ಮಂಟಯ್ಯ, ಟವರ್ರು ಅಲ್ಲಿ ಅದೆ, ನೀನು ಅದಕ್ಕೆ ಬೆನ್ನು ಮಾಡ್ಕಂಡಿದೀಯಲ್ಲ! ಮುನಿಸ್ಕಂಡ್ಯಾ?"

"ಊಂ ಕನವ್ವ. ನೇರ ಮಾತಾಡದವ್ರ ತಾವ ಎಷ್ಟಂತ ಮುಖ ಕೊಟ್ಕಂಡಿರದು?"

ಮೂರನೆಯ ಭಾನುವಾರ, ಮಧ್ಯಾಹ್ನ ಊಟಕ್ಕೆ ಕರೆಯಬೇಕು ಎನ್ನುವ ಹೊತ್ತಿಗೆ, ನನ್ನ ಕಣ್ಣ ಮುಂದೆ ಒಂದರ ಪಕ್ಕ ಎರಡು, ಮೂರು, ನಾಲ್ಕು ಕಡ್ಡಿ ಮೂಡಿದವು. ನಾನು ಕೂಗುವುದನ್ನೇ ಮರೆತೆ. ಮೇಲಿನಿಂದ ಅವರೇ "ಅಕ್ಕೋ, ಈಗ? ಇದೀರಾ?" ಎಂದು ಎರಡು ಸಲ ಕರೆದರು.

"ನಾಲ್ಕು!" ಎಂದೆ.

ಆಂಟೆನಾ ಬನ್ನೂರಿನ ಕಡೆ ನೋಡುತ್ತಿರಲಿಲ್ಲ. ಬಲಕ್ಕೆ ತಿರುಗಿ, ರಸ್ತೆ ಪಕ್ಕದ ಅಕ್ಕಿ ಗಿರಣಿಯ ಎತ್ತರದ ತಗಡಿನ ಗೋಡೆಯನ್ನು ನೋಡುತ್ತಿತ್ತು. ಗಿರಣಿಗೂ ನಮಗೂ ನಡುವೆ ನಾಲೆಯ ಕೆಳಗಿನ ತಗ್ಗು ಗದ್ದೆ. ಅಲ್ಲಿ ಕಬ್ಬು ಹಾಕುವುದಿಲ್ಲ, ಮೊಣಕಾಲುದ್ದದ ಭತ್ತ ಮಾತ್ರ. ಗಿರಣಿಯಿಂದ ಟವರಿನವರೆಗೂ ರಸ್ತೆಯ ಬಯಲು. ಟವರಿನ ಮಾತು ಗಿರಣಿಯ ತಗಡಿಗೆ ಬಡಿದು, ಗದ್ದೆಯ ಮೇಲೆ ಹಾದು ನಮ್ಮಲ್ಲಿಗೆ ಬರುತ್ತಿತ್ತು. ಮಂಟೇಸ್ವಾಮಿಯವರು ಕಂಬದ ಮೇಲೆ ಎರಡು ಗೆರೆ ಬಳಿದರು. ಹಸಿರು ಗೆರೆ ಕಬ್ಬಿರುವಾಗ, ಬಿಳಿ ಗೆರೆ ಕಬ್ಬು ಕಡಿದ ಮೇಲೆ. ಆಮೇಲೆ ಎಂಜಿನಿಯರಿಗೆ ಒಂದು ಕಾಗದ ಬರೆದುಕೊಟ್ಟರು: ಸೆಟ್ಟು ಸರಿಯಾಗಿದೆ, ಹತ್ತರಲ್ಲಿ ಏಳು ಕರೆ ಸೇರುತ್ತವೆ, ಇದಕ್ಕೆ ನಾನು ಜವಾಬ್ದಾರ. ಹದಿನೈದು ವರ್ಷ ದಿನಗೂಲಿ ಮಾಡಿದವರು ಹಾಗೆ ಬರೆದುಕೊಡುವುದು ಸಣ್ಣ ಮಾತಲ್ಲ. ಸೇರದಿದ್ದರೆ ನಮಗೆ ಫೋನು ಹೋಗುತ್ತಿತ್ತು. ಅವರ ಮಾತಿಗೆ ಆ ಕಚೇರಿಯಲ್ಲಿ ಮುಂದೆಂದೂ ಬೆಲೆ ಇರುತ್ತಿರಲಿಲ್ಲ.

ಆಯುಧಪೂಜೆ ಬಂತು. ಡೈರಿಯ ತಕ್ಕಡಿ, ಕ್ಯಾನು, ಹಾಲು ಪರೀಕ್ಷೆಯ ಗಾಜಿನ ಸಾಮಾನು ಎಲ್ಲ ತೊಳೆದು ಕುಂಕುಮ ಇಟ್ಟೆ. ಫೋನಿಗೂ ಇಟ್ಟೆ. ಮಾತು ತರುವುದು ಮೇಲಿರುವ ಆಂಟೆನಾ ತಾನೇ ಎಂದು ಮಾದಮ್ಮನ ಕೈಲಿ ಏಣಿ ಹಿಡಿಸಿ ತಾರಸಿ ಹತ್ತಿದೆ. ಬನ್ನೂರು ಸಂತೆಯಲ್ಲಿ ತಂದ ಚೆಂಡುಹೂವಿನ ಮಾಲೆಯನ್ನು, ಬೆಳ್ಳಿ ಬಣ್ಣದ ಜರಿ ಟೇಪನ್ನು ಆಂಟೆನಾದ ಒಂದೊಂದು ಕಡ್ಡಿಗೂ ಸುತ್ತಿದೆ. ನಂಜುಂಡೇಶ್ವರ, ಇದೊಂದು ಉಳಿಸಿಕೊಡಪ್ಪ ಎಂದು ಬೇಡಿಕೊಂಡೇ ಸುತ್ತಿದೆ. ಪೂಜೆಗೆ ಇಟ್ಟ ಸಾಮಾನನ್ನು ವಿಜಯದಶಮಿ ಕಳೆಯುವ ತನಕ ಬಳಸುವುದಿಲ್ಲ. ಹಾಲಿಗೆ ಬೇರೆ ಅಳತೆ ಇಟ್ಟುಕೊಂಡೆವು, ಫೋನನ್ನು ಯಾರೂ ಮುಟ್ಟಲಿಲ್ಲ.

ವಿಜಯದಶಮಿಯ ಮಾರನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಬಂತು. ಚಂದ್ರಶೇಖರ್ ಅವರು ಮಾತು ಕಡಿಮೆಯ ಮನುಷ್ಯ. ಕುರ್ಚಿಯಲ್ಲಿ ಕೂತು ಕಾಗದ ಬಿಡಿಸಿ ಮೊದಲ ನಂಬರು ಒತ್ತಿದರು. ಸದ್ದಿಲ್ಲ. ಎರಡನೆಯದು. ಗೊರಗೊರ ಎಂದು ನಿಂತಿತು. ಮೂರನೆಯದೂ ಸೇರಲಿಲ್ಲ. ಬಾಗಿಲಲ್ಲಿ ಅರ್ಧ ಊರು ನಿಂತಿತ್ತು.

"ಮೂರು ಹೋಯ್ತು, ಮಂಟೇಸ್ವಾಮಿ. ಒಂದೇ ಕಡ್ಡಿ ಇದೆ ಇಲ್ಲಿ. ನೀನು ನಾಲ್ಕು ಅಂದಿದ್ದೆ."

"ಇತ್ತು ಸಾ. ಒಂದ್ ನಿಮ್ಸ." ಮಂಟೇಸ್ವಾಮಿಯವರು ಸೆಟ್ಟಿನ ತಂತಿ ಅಲುಗಿಸಿ ನೋಡಿದರು. ಹೊರಗೆ ಹೋಗಿ ಮೇಲೆ ನೋಡಿದರು. ಆಮೇಲೆ ಮೆಲ್ಲಗೆ ಕರೆದರು. "ಅಕ್ಕೋ, ಒಸಿ ಬನ್ನಿ. ಮೇಲ್ಗಡ ಮಿಣಮಿಣ ಅನ್ನದೇನು?"

"ಪೂಜೆ ಮಾಡಿದ್ದಪ್ಪ. ಹೂವು. ಜರಿ."

ನಾನು ಹೇಳುವಾಗಲೇ ನನಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು. ಅವರು ಸಿಟ್ಟಾಗಲಿಲ್ಲ. "ಆ ಕಡ್ಡಿಗಳೇ ಅದಕ್ಕ ಕಿವಿ ಅಕ್ಕ. ಜರಿ ಅಂದ್ರ ಲೋಹದ ಕಾಗ್ದ. ಕಿವೀನೇ ಮುಚ್ಚಿದಂಗಾಯ್ತು."

"ಕಿತ್ತುಹಾಕಪ್ಪ, ಬೇಗ."

"ನಾನು ಕೈ ಮುಗಿಯದು ಬುದ್ಧನಿಗ. ಇದು ನೀವು ನಿಮ್ಮ ದೇವ್ರಿಗ ಅಂತ ಕಟ್ಟಿರ ಊವು. ನಾನು ಕೀಳಬಾರ್ದು. ನೀವೇ ಬಿಚ್ಚಿ, ನಾನು ಏಣಿ ಇಡ್ಕತೀನಿ."

ಜೀಪಿನ ಡ್ರೈವರು ಗಡಿಯಾರ ನೋಡುತ್ತಿದ್ದ. ಅಷ್ಟು ಅವಸರದಲ್ಲೂ ಅವರು ಹಾಗೆ ಹೇಳಿದರು. ನಾನು ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಹೂವಿನ ದಾರ ಬೇಗ ಬಿಚ್ಚಿತು. ಜರಿ ಟೇಪು ಬಿಡಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹರಿದೆ. ಎಲ್ಲವನ್ನೂ ಕಂಬದ ಬುಡದಲ್ಲಿಟ್ಟು ಇಳಿದು ಬಂದೆ.

ಒಳಗೆ ನಾಲ್ಕು ಕಡ್ಡಿ ಮೂಡಿದ್ದವು. ಚಂದ್ರಶೇಖರ್ ಅವರು ಅದನ್ನು ನೋಡಿ, ಕಾಗದದ ಮೊದಲ ಮೂರು ಸಾಲಿನ ಮೇಲೆ ಪೆನ್ನು ಇಟ್ಟರು.

"ಪಾಪ, ಗೊತ್ತಿಲ್ಲದೆ ಆಗಿದೆ. ಮೊದಲಿಂದ ಶುರು ಮಾಡೋಣ. ಆ ಮೂರನ್ನ ಹೊಡೆದುಹಾಕ್ತೀನಿ."

"ಬ್ಯಾಡಿ ಸಾ," ಎಂದರು ಮಂಟೇಸ್ವಾಮಿಯವರು. "ಓಗಿದ್ದು ಓಯ್ತು. ನಾಳೆ ಯಾರೂ ಸಾಹೇಬ್ರು ಕನಿಕರ ಪಟ್ಟು ಬುಟ್ರು ಅನ್ಬಾರ್ದು. ಉಳ್ದಿರ ಏಳು ಮಾಡಿ."

ಗುರುಮಲ್ಲಪ್ಪನವರು ನನ್ನ ಕಿವಿಯ ಹತ್ತಿರ, "ಇವ್ನಿಗೇನ್ ಬಂತು ರೋಗ? ಕೊಟ್ಟದ್ದ ಈಸ್ಕಬಾರ್ದಾ?" ಎಂದರು. ಏಳಕ್ಕೆ ಏಳೂ ಸೇರಬೇಕು. ಒಂದು ತಪ್ಪಿದರೂ ಮುಗಿಯಿತು.

ನಾಲ್ಕನೆಯದು ಬನ್ನೂರಿಗೆ. ಸೇರಿತು. ಐದನೆಯದು ತಿ. ನರಸೀಪುರದ ಕಚೇರಿಗೆ, ಆರು ನಂಜನಗೂಡಿಗೆ, ಏಳು ಮೈಸೂರಿಗೆ. ಎಂಟು ಮತ್ತೆ ಬನ್ನೂರಿಗೆ. ಎಲ್ಲವೂ ಸೇರಿದವು. ಒಂಬತ್ತನೆಯದಕ್ಕೆ ಭತ್ತದ ಲಾರಿಯೊಂದು ಗಿರಣಿಯ ಮುಂದೆ ಬಂದು ನಿಂತಿತೋ ಏನೋ, ಕಡ್ಡಿ ನಾಲ್ಕರಿಂದ ಎರಡಕ್ಕೆ ಇಳಿಯಿತು. ಎಂಜಿನಿಯರು ಫೋನು ಇಳಿಸಲು ಹೋದರು.

"ಮಡಗ್ಬೇಡಿ ಸಾ. ಅದು ದನಿ ಏರಿಸ್ಕತದ. ಒಸಿ ತಡೀರಿ."

ಅವರು ಫೋನನ್ನು ಮತ್ತೆ ಕಿವಿಗೆ ಹಿಡಿದರು. ಆ ಕಡೆ ಗಂಟೆ ಬಾರಿಸುವುದು ಬಾಗಿಲ ತನಕ ಕೇಳಿಸಿತು. "ಹಲೋ" ಎಂಬ ದನಿಯೂ ಕೇಳಿಸಿತು.

ಹತ್ತನೆಯ ಕರೆಗೆ ಚಂದ್ರಶೇಖರ್ ಅವರು ಫೋನನ್ನು ನಮ್ಮ ಕಡೆ ಚಾಚಿದರು. "ಇದನ್ನ ಊರಿನವರೇ ಮಾಡಿ."

ಮಾದಮ್ಮ ಜನರನ್ನು ಸರಿಸಿಕೊಂಡು ಬಂದಳು. ದನದ ಡಾಕ್ಟರ ನಂಬರು ಅವಳಿಗೆ ಬಾಯಿಗೆ ಬರುತ್ತಿತ್ತು. ನಾನು ಒತ್ತಿದೆ.

"ಡಾಕ್ಟ್ರೇ, ನಾನು ಮಾದಮ್ಮ, ಮರಡಿಕೊಪ್ಪಲು... ಇಲ್ಲ ಇಲ್ಲ, ಯಾರ್ ಅಸಾನೂ ಬಿದ್ದಿಲ್ಲ. ಕೇಳ್ತದಾ? ಚೆನ್ನಾಗ್ ಕೇಳ್ತದಾ? ಅಷ್ಟೇ ಕಣಪ್ಪ, ಅದೇ ಬೇಕಾಗಿತ್ತು."

ಫೋನನ್ನು ನನ್ನ ಕೈಗೆ ಕೊಟ್ಟು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಮಲ್ಲಪ್ಪನವರು ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ಮಂಟೇಸ್ವಾಮಿಯವರ ಕಡೆ ಎಳೆದರು. "ಕುಂತ್ಕಳಪ್ಪ," ಎಂದರು.

ಕಾಗದದಲ್ಲಿ ದೋಷದ ಕಾರಣ ಎಂದು ಬರೆಯಲು ಒಂದು ಜಾಗವಿತ್ತು. ಏನು ಬರೆಯಲಿ ಎಂದು ಎಂಜಿನಿಯರು ಕೇಳಿದರು. ಮಂಟೇಸ್ವಾಮಿಯವರು "ಕಬ್ಬು ಅಂತ ಬರೀರಿ ಸಾ" ಎಂದರು. ಅವರು ನಕ್ಕು ಹಾಗೇ ಬರೆದರು. ಆಮೇಲೆ ಹೊರಡುವ ಅವಸರವಿಲ್ಲದವರಂತೆ ಹೇಳಿದರು: "ದೊಡ್ಡ ಪ್ರಯೋಗಶಾಲೆಗಳಲ್ಲಿ ಈಗ ತಾನಾಗಿಯೇ ದಿಕ್ಕು ಬದಲಾಯಿಸಿಕೊಳ್ಳೋ ಆಂಟೆನಾ ಮಾಡ್ತಿದಾರೆ ಮಂಟೇಸ್ವಾಮಿ. ಕೈಯಲ್ಲಿ ತಿರುಗಿಸಬೇಕಾಗಿಲ್ಲ. ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ ಅಂತ ಅದೇ ಕೇಳಿಸ್ಕೊಂಡು, ಅದಕ್ಕೆ ತಕ್ಕ ಹಾಗೆ ರೂಪ ಬದಲಾಯಿಸುತ್ತೆ."

"ಕಬ್ಬು ಯಾವಾಗ ಕಡೀತರ ಅಂತ ಅದಕ್ಕ ಯಾರ್ ಏಳ್ತರ ಸಾ?"

"ಯಾರೂ ಹೇಳಬೇಕಾಗಿಲ್ಲ. ಕೇಳಿಸ್ಕೊಂಡೇ ಗೊತ್ತುಮಾಡ್ಕೊಳ್ಳುತ್ತೆ."

"ಅಂಗಾದ್ರ ಅದು ನಮ್ಮ ದಾರೀಲೇ ಬತ್ತಾ ಅದ ಬುಡಿ," ಎಂದರು ಮಂಟೇಸ್ವಾಮಿಯವರು. ಯಾವ ಜಂಬವೂ ಇಲ್ಲದ ದನಿ. ಎಂಜಿನಿಯರು ನಗಲಿಲ್ಲ. ತಲೆಯಾಡಿಸಿದರು.

ಬನ್ನೂರು ಮತ್ತು ತಿ. ನರಸೀಪುರದ ನಡುವೆ ಕಬ್ಬಿನ ಊರುಗಳು ಇನ್ನೂ ಹನ್ನೊಂದಿದ್ದವು. ಅಲ್ಲೆಲ್ಲ ಸೆಟ್ಟುಗಳು ಮಳೆಗಾಲದಿಂದ ಮೂಕಾಗಿದ್ದವು. ಮಂಟೇಸ್ವಾಮಿಯವರು ಒಂದೊಂದು ಊರಿನಲ್ಲಿ ಎರಡು ಮೂರು ದಿನವಿದ್ದು ಎರಡನೆಯ ದಾರಿ ಹುಡುಕಿದರು. ಒಂದು ಕಡೆ ನೀರಿನ ಟ್ಯಾಂಕು, ಒಂದು ಕಡೆ ಶಾಲೆಯ ಗೋಡೆ, ಒಂದು ಕಡೆ ಬೋಳು ಬಂಡೆ. ಎರಡು ಊರುಗಳಲ್ಲಿ ಏನೂ ಸಿಗಲಿಲ್ಲ, ಅಲ್ಲಿ ಕಂಬವನ್ನೇ ಬೇರೆ ಕಡೆ ನೆಡಬೇಕಾಯಿತು. ಹೇಗೆ ಹುಡುಕಬೇಕು, ಯಾವಾಗ ತಿರುಗಿಸಬೇಕು ಎಂದು ಅವರು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದದ್ದನ್ನು ಎಂಜಿನಿಯರು ಟೈಪು ಮಾಡಿಸಿ ಹನ್ನೆರಡು ಊರಿಗೂ ಕಳಿಸಿದರು. ಕೆಳಗೆ "ಮಂಟೇಸ್ವಾಮಿ, ಬದನವಾಳು" ಎಂದಿತ್ತು. ನಮ್ಮ ಹಾಳೆಗೆ ಗುರುಮಲ್ಲಪ್ಪನವರು ಕಟ್ಟು ಹಾಕಿಸಿ ಡೈರಿಯ ಗೋಡೆಗೆ ಹೊಡೆಸಿದರು.

ಆ ವರ್ಷ ಮಾಘದಲ್ಲಿ ಊರ ಮುಂದಿನ ಕಬ್ಬು ಕಡಿದರು. ಗಿರಣಿಯ ಕಡೆಯ ನಾಲ್ಕು ಕಡ್ಡಿ ಹಾಗೇ ಇದ್ದವು. ಆದರೆ ನೇರ ದಾರಿ ತೆರೆದ ಮೇಲೆ ಸುತ್ತಿ ಬರುವುದೇಕೆ ಎಂದು ನನಗೆ ಅನ್ನಿಸಿತು. ಮಂಟೇಸ್ವಾಮಿಯವರು ಬೇರೆ ಊರಿನಲ್ಲಿದ್ದರು. ಹಾಳೆಯನ್ನು ಇನ್ನೊಮ್ಮೆ ಓದಿಕೊಂಡು, ನಟ್ಟು ಬಿಚ್ಚುವ ಪಾನಾ ಹಿಡಿದು ನಾನು ಮೇಲೆ ಹತ್ತಿದೆ. ಮಾದಮ್ಮ ಸೆಟ್ಟಿನ ಮುಂದೆ ಕೂತು ಕಡ್ಡಿ ಎಣಿಸಿದಳು. ಬಿಳಿ ಗೆರೆಗೆ ತಂದಾಗ ಐದು ಎಂದು ಕೂಗಿದಳು.

ನಾಲ್ಕು ದಿನ ಬಿಟ್ಟು ಮಂಟೇಸ್ವಾಮಿಯವರು ಸೈಕಲ್ ತುಳಿದುಕೊಂಡು ಬಂದರು. ಏಣಿ ಹತ್ತಿ, ನಟ್ಟು ಅಲುಗಿಸಿ ನೋಡಿ, ಇಳಿದು ಬಂದು ಕಲ್ಲಿನ ಮೇಲೆ ಕೂತರು. ಮುಖ ತುಂಬ ನಗು.

"ಏನಕ್ಕ, ನನಗಿಲ್ಲಿ ಕೆಲ್ಸಾನೇ ಮಡಗಿಲ್ವಲ್ಲ."

"ಹಾಲು ಕುಡಿದು ಹೋಗಿ," ಎಂದೆ. ಕುಡಿದರು. ಇನ್ನೊಂದು ಊರಿನಲ್ಲಿ ಕಬ್ಬು ಕಡಿಯುತ್ತಿದ್ದಾರೆ ಎಂದು ಹೊರಟರು.